ಅಳುವ ಗಂಡಸನ್ನು ನಂಬಬಹುದೇ?

'ನಗುವ ಹೆಂಗಸನ್ನು ನಂಬಬೇಡ, ಅಳುವ ಗಂಡಸನ್ನು ನಂಬಬೇಡ.' ಈ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಒಂದೇ ಏಟಿಗೆ ಎರಡು ಅನ್ಯಾಯ ಮಾಡಿದ ಗಾದೆ ಇದು. ಹೆಣ್ಣಿನ ತುಟಿಯಿಂದ ನಗುವನ್ನು ಕಿತ್ತುಕೊಂಡಿತು. ಗಂಡಿನ ಕಣ್ಣಿನಿಂದ ಅಳುವನ್ನು ಕಿತ್ತುಕೊಂಡಿತು. ಹೆಣ್ಣಿಗಾದ ಅನ್ಯಾಯದ ಬಗ್ಗೆ ಈಗ ಅಲ್ಲಲ್ಲಿ ಮಾತುಗಳು ಕೇಳಿ ಬರುತ್ತಿವೆ. ಆದರೆ ಗಂಡಿನ ಅಳುವಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಸ್ವತಃ ಗಂಡಸರೂ ಬಿಡುವುದಿಲ್ಲ.

ನಿಮ್ಮ ಮನೆಯಂಗಳದಲ್ಲೇ ನೋಡಿ. ಮೂರು ವರ್ಷದ ಮಗು ಓಡುತ್ತಾ ಮುಗ್ಗರಿಸಿ ಬಿದ್ದು ಮೊಣಕಾಲು ತರಚಿಕೊಳ್ಳುತ್ತದೆ. ಹೆಣ್ಣು ಮಗುವಾದರೆ ಓಡಿ ಹೋಗಿ ಎತ್ತಿಕೊಳ್ಳುತ್ತೇವೆ, ಗಾಯಕ್ಕೆ ಊದುತ್ತೇವೆ, ಬೀಳಿಸಿದ ನೆಲಕ್ಕೂ ಎರಡೇಟು ಕೊಡುತ್ತೇವೆ. ಗಂಡು ಮಗುವಾದರೆ? "ಛೀ! ಗಂಡು ಹುಡುಗ ಯಾರಾದರೂ ಅಳ್ತಾನಾ? ಏಳು, ಏಳು, ಏನೂ ಆಗಿಲ್ಲ." ರಕ್ತ ಮಾತ್ರ ಇಬ್ಬರದ್ದೂ ಕೆಂಪಗೇ ಇದೆ. ಉರಿಯೂ ಇಬ್ಬರಿಗೂ ಒಂದೇ. 'ಏನೂ ಆಗಿಲ್ಲ' ಎಂಬ ಮಾತನ್ನು ಆ ಹುಡುಗ ಅಂದು ಕಲಿಯುತ್ತಾನೆ. ಮುಂದೆ ಐವತ್ತು ವರ್ಷ ಅದನ್ನೇ ಹೇಳುತ್ತಾ ಬದುಕುತ್ತಾನೆ. ಸಾಲ ಕುತ್ತಿಗೆಗೆ ಬಂದಾಗಲೂ "ಏನೂ ಆಗಿಲ್ಲ." ಕೆಲಸ ಕಳೆದುಕೊಂಡು ಬಂದ ದಿನವೂ "ಏನೂ ಆಗಿಲ್ಲ." ಎದೆಯಲ್ಲಿ ನೋವು ಬಂದು ಬೆವರಿದಾಗಲೂ "ಏನೂ ಆಗಿಲ್ಲ, ಗ್ಯಾಸ್ ಇರಬೇಕು!"

ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನಿದ್ದ. ತಂದೆ ಕೊಲ್ಲಿಯಲ್ಲಿ ದುಡಿಯುತ್ತಿದ್ದರು. ಒಂದು ದಿನ ಅಲ್ಲಿಯೇ ತೀರಿಕೊಂಡರು. ಸಮಾಧಾನ ಹೇಳಲು ಬಂದವರೆಲ್ಲರೂ ಹುಡುಗನ ಹೆಗಲ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದರು. "ಇನ್ನು ಈ ಮನೆಗೆ ನೀನೇ ಗಂಡಸು. ನೀನೇ ಅತ್ತರೆ ಉಮ್ಮನನ್ನು ನೋಡುವವರು ಯಾರು?" ಹದಿಮೂರು ವರ್ಷದ ಹುಡುಗ ಆ ಮಾತನ್ನು ಅಕ್ಷರಶಃ ಪಾಲಿಸಿದ. ಒಂದು ಹನಿ ಕಣ್ಣೀರು ಹಾಕಲಿಲ್ಲ. "ಎಂಥಾ ಗಟ್ಟಿ ಹುಡುಗ" ಎಂದು ಊರೇ ಹೊಗಳಿತು.

ಎರಡು ತಿಂಗಳಾಗುವಷ್ಟರಲ್ಲಿ ಶಾಲೆಯಿಂದ ದೂರು ಬರತೊಡಗಿತು. ಮಾತೆತ್ತಿದರೆ ಹೊಡೆಯುತ್ತಾನೆ, ಪಾಠ ಕೇಳುವುದಿಲ್ಲ, ಅಧ್ಯಾಪಕರಿಗೇ ಎದುರುತ್ತರ ಕೊಡುತ್ತಾನೆ. ಒಂದು ದಿನ ಪಕ್ಕದ ಹುಡುಗ ಇವನ ಜಾಮಿಟ್ರಿ ಪೆಟ್ಟಿಗೆಯನ್ನು ಕೆಳಗೆ ಬೀಳಿಸಿದ. ಅದರ ಕೈವಾರ ಮುರಿಯಿತು. ಅದು ತಂದೆ ಕಳುಹಿಸಿಕೊಟ್ಟ ಪೆಟ್ಟಿಗೆ. ಇವನು ಅವನ ಮೇಲೆ ಬಿದ್ದು ಹೊಡೆದ. ಹೊಡೆಯುತ್ತಾ ಹೊಡೆಯುತ್ತಾ ಮುರಿದ ಕೈವಾರವನ್ನು ಎದೆಗೊತ್ತಿಕೊಂಡು ಅಳತೊಡಗಿದ. ಅವನ ತರಗತಿಯ ಟೀಚರ್ ಬುದ್ಧಿವಂತೆ. ಬೆತ್ತ ಹುಡುಕಲಿಲ್ಲ. ಉಳಿದ ಮಕ್ಕಳನ್ನು ಆಟದ ಬಯಲಿಗೆ ಕಳುಹಿಸಿ ಅವನ ಪಕ್ಕದ ಬೆಂಚಿನಲ್ಲಿ ಸುಮ್ಮನೆ ಕುಳಿತರು. ಒಂದು ಪೀರಿಯಡ್ ಪೂರ್ತಿ ಅವನು ಅತ್ತ. ಆ ಅಳು ಕೈವಾರಕ್ಕಾಗಿ ಆಗಿರಲಿಲ್ಲ ಎಂದು ನಿಮಗೂ ತಿಳಿಯಿತಲ್ಲವೇ? ಎರಡು ತಿಂಗಳ ಹಿಂದೆ ಮನೆಯಂಗಳದಲ್ಲಿ ಹರಿಯಬೇಕಿದ್ದ ಕಣ್ಣೀರು ಅದು.

ಕಣ್ಣೀರೆಂದರೇನು?

ಕಣ್ಣೀರನ್ನು ದೌರ್ಬಲ್ಯ ಎನ್ನುವವರು ಮೊದಲು ಅದೇನೆಂದು ತಿಳಿಯಲಿ. ನಮ್ಮ ಕಣ್ಣಿನ ಮೇಲೆ, ಹೊರ ಮೂಲೆಯಲ್ಲಿ ಬಾದಾಮಿಯಾಕಾರದ ಒಂದು ಗ್ರಂಥಿಯಿದೆ. ಕಣ್ಣೀರು ಹೆಚ್ಚಾಗಿ ಬರುವುದು ಅಲ್ಲಿಂದ. ಅದರಲ್ಲಿ ಮೂರು ಬಗೆ. ಮೊದಲನೆಯದು ಹಗಲಿಡೀ ನಮಗೆ ಗೊತ್ತೇ ಆಗದಂತೆ ಕಣ್ಣನ್ನು ಒದ್ದೆಯಾಗಿಡುವ ನೀರು. ಅದಿಲ್ಲದಿದ್ದರೆ ಕಣ್ಣು ಒಣಗಿ ದೃಷ್ಟಿಯೇ ಹೋದೀತು. ಎರಡನೆಯದು ಹೊಗೆ, ಧೂಳು, ಈರುಳ್ಳಿಯಿಂದ ಬರುವ ನೀರು. ಈರುಳ್ಳಿ ಹೆಚ್ಚುವಾಗ ಅದರ ಜೀವಕೋಶಗಳು ಒಡೆದು ಗಂಧಕದ ಅಂಶವಿರುವ ಒಂದು ಅನಿಲ ಹೊರಡುತ್ತದೆ. ಅದು ಕಣ್ಣನ್ನು ತಾಗಿದೊಡನೆ ತೊಳೆದು ಹಾಕಲು ನೀರು ಧಾವಿಸಿ ಬರುತ್ತದೆ. ಮೂರನೆಯದೇ ಭಾವನೆಯ ಕಣ್ಣೀರು. ನಾಯಿ, ಬೆಕ್ಕು, ಆನೆಗಳಿಗೂ ಕಣ್ಣು ಒದ್ದೆಯಾಗುತ್ತದೆ. ಆದರೆ ದುಃಖಕ್ಕೆ ಕಣ್ಣೀರು ಸುರಿಸುವುದು ಮನುಷ್ಯ ಮಾತ್ರ ಎಂಬುದು ಈ ವಿಷಯವನ್ನು ಅಧ್ಯಯನ ಮಾಡಿದ ಬಹುತೇಕ ವಿಜ್ಞಾನಿಗಳ ಅಭಿಪ್ರಾಯ. ಹಾಗಾದರೆ ಅಳುವವನು ಗಂಡಸಲ್ಲ ಎನ್ನುವುದಕ್ಕಿಂತ ಅಳುವವನೇ ಮನುಷ್ಯ ಎನ್ನುವುದು ಸತ್ಯಕ್ಕೆ ಹತ್ತಿರವಲ್ಲವೇ?

ಇನ್ನೊಂದು ವಿಚಿತ್ರ ನೋಡಿ. ಆಗ ತಾನೇ ಹುಟ್ಟಿದ ಮಗು ಕಿರುಚಿ ಅಳುತ್ತದೆ, ಆದರೆ ಕಣ್ಣೀರು ಹರಿಯುವುದಿಲ್ಲ. ಕೆನ್ನೆಯ ಮೇಲೆ ಹನಿ ಇಳಿಯಲು ಕೆಲವು ವಾರಗಳು ಬೇಕು. ಚಾರ್ಲ್ಸ್ ಡಾರ್ವಿನ್ ತನ್ನ ಮಕ್ಕಳನ್ನು ನೋಡಿ ಇದನ್ನು ಗುರುತಿಸಿಕೊಂಡು 1872ರ ತನ್ನ ಗ್ರಂಥದಲ್ಲಿ ಬರೆದಿದ್ದ. ಆದರೂ ದುಃಖದ ಕಣ್ಣೀರಿಗೆ ವಿಶೇಷ ಪ್ರಯೋಜನವೇನೂ ಇಲ್ಲವೆಂದೇ ಅವನು ಭಾವಿಸಿದ್ದ. ಅವನ ಬಳಿಕದವರು ಅದನ್ನು ಒಪ್ಪಲಿಲ್ಲ. ಪೆನ್ಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ ಅದಕ್ಕಿಂತ ಮೊದಲೇ, 1922ರಲ್ಲಿ, ಕಣ್ಣೀರಿನಲ್ಲಿ ರೋಗಾಣುಗಳನ್ನು ಕೊಲ್ಲುವ ಲೈಸೋಜೈಮ್ ಎಂಬ ವಸ್ತುವಿದೆಯೆಂದು ತೋರಿಸಿದರು. ಪ್ರಯೋಗಕ್ಕೆ ಕಣ್ಣೀರು ಬೇಕಲ್ಲ? ಅದಕ್ಕಾಗಿ ಅವರು ಕಣ್ಣಿಗೆ ನಿಂಬೆಯ ರಸ ತಾಗಿಸುತ್ತಿದ್ದರು!

1980ರ ದಶಕದಲ್ಲಿ ಅಮೆರಿಕದ ವಿಲಿಯಂ ಫ್ರೇ ಎಂಬ ಜೀವರಸಾಯನ ತಜ್ಞರು ದುಃಖದ ಕಣ್ಣೀರನ್ನೂ ಈರುಳ್ಳಿಯ ಕಣ್ಣೀರನ್ನೂ ಹೋಲಿಸಿ ನೋಡಿದರು. ದುಃಖದ ಕಣ್ಣೀರಿನಲ್ಲಿ ಪ್ರೋಟೀನ್ ಹೆಚ್ಚಿತ್ತು. ಅತ್ತರೆ ಮೈಯ ವಿಷವೆಲ್ಲ ಹೊರ ಹೋಗುತ್ತದೆ ಎಂದು ಕೆಲವರು ಅಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಅದು ಸಾಬೀತಾದ ಮಾತಲ್ಲ. ಆದರೆ ಅವರೇ ಹೇಳಿದ ಇನ್ನೊಂದು ಲೆಕ್ಕ ಗಮನಿಸತಕ್ಕದ್ದು. ಅಲ್ಲಿನ ಹೆಂಗಸರು ತಿಂಗಳಿಗೆ ಸರಾಸರಿ 5.3 ಬಾರಿ ಅತ್ತರೆ ಗಂಡಸರು 1.4 ಬಾರಿ ಅಳುತ್ತಿದ್ದರು. ಈ ಅಂತರಕ್ಕೆ ದೇಹದ ಹಾರ್ಮೋನುಗಳೂ ಒಂದಷ್ಟು ಕಾರಣವಿರಬಹುದು. ಆದರೆ ಎಳೆಯ ಮಕ್ಕಳಲ್ಲಿ ಇಷ್ಟು ಅಂತರ ಕಾಣುವುದಿಲ್ಲ. ಹುಡುಗ ಹರೆಯಕ್ಕೆ ಕಾಲಿಡುವ ಹೊತ್ತಿಗೆ ಅದು ದೊಡ್ಡದಾಗುತ್ತದೆ. ಅಂದರೆ ಅಳದಿರುವುದನ್ನು ಬಹುಪಾಲು ನಾವೇ ಅವನಿಗೆ ಕಲಿಸುತ್ತೇವೆ.

ಅತ್ತರೆ ನಿಜಕ್ಕೂ ಹಗುರವಾಗುತ್ತದೆಯೇ? ನೆದರ್ಲೆಂಡ್ಸಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಜನರಿಗೆ ದುಃಖದ ಸಿನಿಮಾ ತೋರಿಸಿ ಅತ್ತವರ ಮನಸ್ಥಿತಿಯನ್ನು ಅಳೆದರು. ಅತ್ತ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಇಪ್ಪತ್ತು ನಿಮಿಷದಲ್ಲಿ ಮೊದಲಿನಂತಾಯಿತು. ಒಂದೂವರೆ ಗಂಟೆಯ ಬಳಿಕ ಸಿನಿಮಾ ನೋಡುವುದಕ್ಕಿಂತ ಮೊದಲಿಗಿಂತಲೂ ಹಗುರವಾಗಿತ್ತು. ಅಳುವಿನ ಫಲ ತುಸು ತಡವಾಗಿ ಸಿಗುತ್ತದೆ. ಹಲವು ದೇಶಗಳ ಸಾವಿರಾರು ಜನರನ್ನು ವಿಚಾರಿಸಿದಾಗ ಇನ್ನೊಂದು ಸಂಗತಿಯೂ ತಿಳಿಯಿತು. ಅಳುವಾಗ ಪಕ್ಕದಲ್ಲಿ ಸಾಂತ್ವನ ಹೇಳುವವರಿದ್ದರೆ ಮನಸ್ಸು ಹಗುರವಾಗುತ್ತದೆ. ನಾಚಿಕೆಪಡುವಂತಾದರೆ ಆಗುವುದಿಲ್ಲ. ಹಾಗಾಗಿ ಅತ್ತದ್ದರಿಂದ ಗಂಡಸಿಗೆ ಪ್ರಯೋಜನವಾಗುತ್ತದೆಯೋ ಇಲ್ಲವೋ ಎಂಬುದು ಅವನ ಕಣ್ಣಿಗಿಂತ ಹೆಚ್ಚಾಗಿ ಎದುರಿಗಿರುವ ನಮ್ಮ ಮುಖವನ್ನು ಅವಲಂಬಿಸಿದೆ!

ಬಾಗಿಲು ಮುಚ್ಚಿದ ಮನೆ

ಒಂದು ಬಾಗಿಲು ಮುಚ್ಚಿದರೆ ಮನಸ್ಸು ಇನ್ನೊಂದು ಬಾಗಿಲು ಹುಡುಕುತ್ತದೆ. ಗಂಡಸಿಗೆ ಸಮಾಜ ತೆರೆದಿಟ್ಟಿರುವುದು ಒಂದೇ ಬಾಗಿಲು, ಅದು ಕೋಪದ್ದು. ಅಳುವ ಗಂಡಸನ್ನು ನೋಡಿ ನಗುವ ನಾವು ಸಿಟ್ಟಾಗುವ ಗಂಡಸನ್ನು ಕಂಡರೆ ಗೌರವದಿಂದ ದೂರ ಸರಿಯುತ್ತೇವೆ. ಆದ್ದರಿಂದ ಅವನ ಭಯ, ಅವಮಾನ, ಅಗಲಿಕೆಯ ನೋವು ಎಲ್ಲವೂ ಸಿಟ್ಟಿನ ಅಂಗಿ ತೊಟ್ಟುಕೊಂಡೇ ಹೊರಬರುತ್ತವೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳಿ ಎದ್ದು ಹೋಗುವವನ ಹೊಟ್ಟೆಯಲ್ಲಿ ಉರಿಯುತ್ತಿರುವುದು ಉಪ್ಪಲ್ಲ. ಹಾಗೆಂದು ಹೆಂಡತಿ ಮಕ್ಕಳ ಮೇಲೆ ಕೈಯೆತ್ತುವವನಿಗೆ ಇದು ಕ್ಷಮೆಯ ಕಾರಣವಾಗದು. ದುಃಖವಿದೆಯೆಂದು ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ರೋಗದ ಬೇರು ಎಲ್ಲಿದೆಯೆಂದು ತಿಳಿದರೆ ಮುಂದಿನ ತಲೆಮಾರನ್ನಾದರೂ ಕಾಪಾಡಬಹುದು.

ಕೋಪದ ಬಾಗಿಲೂ ಮುಚ್ಚಿ ಹೋದರೆ? ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಯನ್ನು ತೆರೆದು ನೋಡಿ. 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 1,22,724 ಮಂದಿ ಗಂಡಸರು. ನೂರರಲ್ಲಿ ಸುಮಾರು 72! ಕಾರಣಗಳ ಪಟ್ಟಿಯಲ್ಲಿ ಮೊದಲು ಬರುವುದು ಕೌಟುಂಬಿಕ ಸಮಸ್ಯೆ, ಅನಂತರ ಕಾಯಿಲೆ. ಅಳದಿದ್ದುದರಿಂದಲೇ ಇವರೆಲ್ಲ ಸತ್ತರು ಎಂದು ಹೇಳಿದರೆ ತಪ್ಪಾಗುತ್ತದೆ. ಸಾಲ, ನಿರುದ್ಯೋಗ, ಕುಡಿತ, ಮಾನಸಿಕ ಕಾಯಿಲೆ ಹೀಗೆ ನೂರು ಎಳೆಗಳಿವೆ. ಆದರೆ ಇಂಥ ಸಾವು ನಡೆದ ಮನೆಯವರ ಬಾಯಲ್ಲಿ ಮತ್ತೆ ಮತ್ತೆ ಕೇಳಿ ಬರುವ ಮಾತು ಒಂದೇ. "ಒಂದು ಮಾತು ಹೇಳಲಿಲ್ಲ. ನಮಗೆ ಗೊತ್ತೇ ಆಗಲಿಲ್ಲ." ನೋವನ್ನು ಹೇಳಿಕೊಳ್ಳಲು ಕಲಿಸದವನಿಂದ ಕೊನೆಯ ಗಳಿಗೆಯಲ್ಲಿ ಮಾತು ಬರಲೆಂದು ನಿರೀಕ್ಷಿಸುವುದು ಹೇಗೆ?

ಸಹನೆಯೆಂದರೆ ಕಲ್ಲಾಗುವುದಲ್ಲ

"ಅಳಬೇಡ, ಸಬ್ರ್ ಮಾಡು." ನಮ್ಮ ಮನೆಗಳಲ್ಲಿ ಮಯ್ಯಿತ್ತಿನ ಮುಂದೆ ತಪ್ಪದೆ ಕೇಳಿ ಬರುವ ಮಾತಿದು. ಅಳುವುದೂ ಸಹನೆಯೂ ಎಣ್ಣೆ ನೀರಿನಂತೆ ಬೇರೆ ಬೇರೆ ಎಂದು ನಂಬಿರುವವರು ಬಹಳ. ಆದರೆ ಚರಿತ್ರೆ ಬೇರೆಯೇ ಹೇಳುತ್ತದೆ. ಪ್ರವಾದಿ(ಸ)ರ ಪುತ್ರ ಇಬ್ರಾಹೀಮ್ ಕ್ರಿ.ಶ. 632ರಲ್ಲಿ, ಇನ್ನೂ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡರು. ಕೊನೆಯುಸಿರೆಳೆಯುತ್ತಿದ್ದ ಮಗುವನ್ನು ನೋಡಿ ಪ್ರವಾದಿ(ಸ)ರ ಕಣ್ಣುಗಳು ತುಂಬಿ ಹರಿದವು. ಜೊತೆಗಿದ್ದ ಅಬ್ದುರ‍್ರಹ್ಮಾನ್ ಬಿನ್ ಔಫ್(ರ)ರಿಗೆ ಅಚ್ಚರಿ. ತಾವೂ ಅಳುತ್ತೀರಾ ಎಂದು ಕೇಳಿಯೇ ಬಿಟ್ಟರು. ಅದು ಕರುಣೆ ಎಂಬುದು ಅವರಿಗೆ ಸಿಕ್ಕಿದ ಉತ್ತರದ ಸಾರ. ಕಣ್ಣು ಅಳುತ್ತದೆ, ಹೃದಯ ನೋಯುತ್ತದೆ, ನಾಲಿಗೆ ಮಾತ್ರ ಒಡೆಯನಿಗೆ ಮೆಚ್ಚದ್ದನ್ನು ನುಡಿಯಬಾರದು ಎಂದು ಅವರು ವಿವರಿಸಿದರು. ಅದೇ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೆ ಆಕಾಶವೇ ಶೋಕಿಸುತ್ತಿದೆ ಎಂದು ಜನ ಮಾತನಾಡಿಕೊಂಡರು. ಯಾರದೇ ಹುಟ್ಟು ಸಾವಿಗೆ ಗ್ರಹಣವಾಗುವುದಿಲ್ಲವೆಂದು ಪ್ರವಾದಿ(ಸ) ತಿದ್ದಿದರು. ಅತ್ತ ಕಣ್ಣಿನ ತಂದೆ ಮೂಢನಂಬಿಕೆಗೆ ಜಾಗ ಕೊಡಲಿಲ್ಲ. ದುಃಖ ಬುದ್ಧಿಯನ್ನು ಮಸುಕುಗೊಳಿಸಲೇಬೇಕೆಂದಿಲ್ಲ.

ಅಬೂಬಕರ್(ರ)ರ ವಿಷಯವನ್ನೂ ನೋಡಿ. ಪ್ರವಾದಿ(ಸ)ರ ಕೊನೆಯ ಕಾಯಿಲೆಯಲ್ಲಿ ನಮಾಝಿಗೆ ನೇತೃತ್ವ ವಹಿಸಲು ಅವರನ್ನು ಸೂಚಿಸಿದಾಗ ಅವರ ಮಗಳು ಆಯಿಶಾ(ರ)ರೇ ಆಕ್ಷೇಪಿಸಿದ್ದರು. ತಂದೆ ಮೃದು ಹೃದಯದವರು, ನಿಂತರೆ ಅತ್ತುಬಿಡುತ್ತಾರೆ, ಜನರಿಗೆ ಅವರ ಸ್ವರವೇ ಕೇಳಿಸದು ಎಂದು. ಆಕ್ಷೇಪ ನಿಲ್ಲಲಿಲ್ಲ. ಅವರನ್ನೇ ನಿಲ್ಲಿಸಲಾಯಿತು. ಕೆಲವೇ ದಿನಗಳಲ್ಲಿ ಪ್ರವಾದಿ(ಸ)ರ ಮರಣವಾಯಿತು. ಧೀರರೆನಿಸಿಕೊಂಡಿದ್ದ ಉಮರ್(ರ) ಆ ಸುದ್ದಿಯನ್ನು ನಂಬಲೇ ಇಲ್ಲ. ಅಬೂಬಕರ್(ರ) ಒಳಗೆ ಹೋದರು, ಮುಖದ ಹೊದಿಕೆ ಸರಿಸಿದರು, ಮುತ್ತಿಟ್ಟು ಅತ್ತರು. ಅನಂತರ ಹೊರಗೆ ಬಂದು ದಿಕ್ಕೆಟ್ಟು ನಿಂತಿದ್ದ ಜನರಿಗೆ ಸತ್ಯವನ್ನು ತಿಳಿಸಿ ಧೈರ್ಯ ತುಂಬಿದರು. ಅಂದು ಸ್ಥಿರವಾಗಿ ನಿಂತವರು ಅಳದವರಲ್ಲ, ಅತ್ತು ಬಂದವರು. ಸತ್ಯವನ್ನು ಒಪ್ಪಿಕೊಂಡವನ ಕಣ್ಣು ಮೊದಲು ಒದ್ದೆಯಾಗುತ್ತದೆ. ಕಾಲು ಗಟ್ಟಿಯಾಗುವುದು ಆಮೇಲೆ.

ಎದೆ ಬಡಿದುಕೊಂಡು, ಬಟ್ಟೆ ಹರಿದುಕೊಂಡು, ವಿಧಿಯನ್ನು ಶಪಿಸುತ್ತಾ ಗೋಳಾಡುವುದನ್ನು ಇಸ್ಲಾಮ್ ತಡೆದಿದೆ, ನಿಜ. ಆದರೆ ಗೋಳಾಟಕ್ಕೆ ಹಾಕಿದ ಬೀಗವನ್ನು ನಾವು ಕಣ್ಣೀರಿಗೂ ಹಾಕಿಬಿಟ್ಟಿದ್ದೇವೆ.

ಎರಡು ಬಗೆಯ ಅಳು

ಹಾಗಾದರೆ ಗಾದೆಯಲ್ಲಿ ಸತ್ಯವೇ ಇಲ್ಲವೇ? ಸ್ವಲ್ಪ ಇದೆ. ಸುಳ್ಳು ಕಣ್ಣೀರು ಇದ್ದೇ ಇದೆ. ಯೂಸುಫ್(ಅ)ರ ಕಥೆ ನಿಮಗೆಲ್ಲ ಗೊತ್ತು. ತಮ್ಮನನ್ನು ಬಾವಿಗೆ ತಳ್ಳಿ ಬಂದ ಅಣ್ಣಂದಿರು ರಾತ್ರಿ ಅಳುತ್ತಲೇ ತಂದೆಯ ಬಳಿಗೆ ಬಂದರು. ತೋಳ ತಿಂದಿತೆಂದು ಹೇಳಿ ನಕಲಿ ರಕ್ತ ಮೆತ್ತಿದ ಅಂಗಿಯನ್ನು ಮುಂದಿಟ್ಟರು. ಅಂಗಿ ಎಲ್ಲಿಯೂ ಹರಿದಿರಲಿಲ್ಲ ಎಂದು ವ್ಯಾಖ್ಯಾನಕಾರರು ಬರೆಯುತ್ತಾರೆ. ತಂದೆ ಯಅ್‌ಕೂಬ್(ಅ) ಅವರ ಕಣ್ಣೀರಿಗೆ ಮೋಸ ಹೋಗಲಿಲ್ಲ. ಆದರೆ ಅದೇ ಕಥೆಯಲ್ಲಿ ಮಗನ ಅಗಲಿಕೆಯಲ್ಲಿ ಅದೇ ತಂದೆಯ ಕಣ್ಣುಗಳು ಬೆಳ್ಳಗಾಗಿ ಹೋದವು. ಅವರು 'ಸುಂದರ ಸಹನೆ'ಯ ಮಾತನಾಡಿದ ತಂದೆ ಎಂಬುದನ್ನು ಮರೆಯಬಾರದು. ಒಂದೇ ಮನೆಯಲ್ಲಿ ಗಂಡಸರ ಎರಡು ಬಗೆಯ ಅಳು! ಒಂದು ಏನನ್ನೋ ಮುಚ್ಚಲು, ಇನ್ನೊಂದು ಮುಚ್ಚಿಡಲಾಗದೆ. ಸುಳ್ಳು ಅಳುವಿದೆಯೆಂದು ನಿಜದ ಅಳುವನ್ನು ಅನುಮಾನಿಸುವುದು ಖೋಟಾ ನೋಟಿದೆಯೆಂದು ಸಂಬಳವನ್ನೇ ಹಿಂತಿರುಗಿಸಿದಂತೆ.

ನಾವೇನು ಮಾಡಬಹುದು?

ತಾಯಂದಿರೇ, ಇದು ನಿಮ್ಮ ಮಡಿಲಿನಲ್ಲೇ ಆರಂಭವಾಗಬೇಕಾದ ಕೆಲಸ. ಮಗ ಅಳುತ್ತಾ ಬಂದರೆ 'ಏನೂ ಆಗಿಲ್ಲ' ಎನ್ನಬೇಡಿ. "ನೋವಾಯಿತಾ? ಎಲ್ಲಿ ತೋರಿಸು" ಎನ್ನಿ. ನೋವಿಗೆ ಒಂದು ಹೆಸರು ಸಿಕ್ಕಿದರೆ ಅರ್ಧ ಉರಿ ಅಲ್ಲಿಯೇ ಕಡಿಮೆಯಾಗುತ್ತದೆ. ಹಟಕ್ಕೆ ಅಳುವ ಮಗುವಿಗೆ ಕೇಳಿದ್ದನ್ನೆಲ್ಲ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಚಾಕಲೇಟು ಕೊಡದಿರಿ, ಆದರೆ ಅತ್ತದ್ದಕ್ಕೆ ಗೇಲಿ ಮಾಡಬೇಡಿ. "ಹೆಣ್ಣಿನ ಹಾಗೆ ಅಳಬೇಡ" ಎಂಬ ಮಾತನ್ನಂತೂ ಮನೆಯಿಂದ ಹೊರಗೆ ಹಾಕಿ. ಅದರಲ್ಲಿ ಮಗನಿಗೂ ಅವಮಾನ, ಪಕ್ಕದಲ್ಲಿ ಕುಳಿತು ಕೇಳುತ್ತಿರುವ ಮಗಳಿಗೂ ಅವಮಾನ.

ತಂದೆಯಂದಿರೇ, ಅಜ್ಜಿ ತೀರಿಕೊಂಡ ದಿನ ಮಕ್ಕಳ ಮುಂದೆ ನಿಮ್ಮ ಕಣ್ಣು ತುಂಬಿದರೆ ಬಚ್ಚಲು ಮನೆಗೆ ಓಡಬೇಡಿ. ನಿಮ್ಮ ಮಗ ನೋಡಲಿ. ತಾಯಿಯನ್ನು ಪ್ರೀತಿಸಿದವನು ಹೇಗಿರುತ್ತಾನೆಂದು ಅವನಿಗೆ ಬೇರೆ ಯಾವ ಪಾಠದಲ್ಲೂ ಸಿಗದು.

ಸೋದರಿಯರೇ, ಗಂಡ ಎಂದಾದರೊಮ್ಮೆ ಮನಸ್ಸು ಬಿಚ್ಚಿ ಅತ್ತರೆ ಅದನ್ನು ಅಮಾನತ್ತಿನಂತೆ ಕಾಪಾಡಿ. ತವರಿಗೆ ಫೋನ್ ಮಾಡಿ ಹೇಳಬೇಡಿ. ಮುಂದಿನ ಜಗಳದಲ್ಲಿ ಅದನ್ನು ಎತ್ತಿ ಆಡಬೇಡಿ. ಆ ದಿನ ಎತ್ತಿ ಆಡಿದರೆ ಆ ಬಾಗಿಲು ಮತ್ತೆಂದೂ ತೆರೆಯದು. ವಿದೇಶದಲ್ಲಿ ದುಡಿಯುವವರ ಮನೆಯವರಿಗೆ ಇನ್ನೊಂದು ಮಾತು. ಹಿಂದೆ ಪತ್ರ ಬರುತ್ತಿತ್ತು, ಕ್ಯಾಸೆಟ್ಟಿನಲ್ಲಿ ಮಾತು ಬರುತ್ತಿತ್ತು. ಈಗ ದಿನವೂ ವೀಡಿಯೋದಲ್ಲಿ ಮುಖವೇ ಕಾಣುತ್ತದೆ. ಆದರೆ ಆ ಮುಖ ನಮಗಾಗಿ ನಗುವ ಮುಖ. "ಹಣ ಕಳಿಸಿದಿರಾ?" ಎಂದು ಕೇಳುವ ಮೊದಲು "ನಿದ್ದೆ ಬಂತಾ? ಊಟ ಸೇರುತ್ತದಾ?" ಎಂದು ಕೇಳಿ. ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯಿರಿ. ಮೊದಲ ಉತ್ತರ ಹೇಗೂ 'ಏನೂ ಆಗಿಲ್ಲ' ಎಂದೇ ಇರುತ್ತದೆ. ಎರಡನೆಯದಕ್ಕಾಗಿ ಕಾಯಬೇಕು.

ಸಾವಿನ ಮನೆಗೆ ಹೋದಾಗ ಎಳೆಯ ಹುಡುಗರ ಹೆಗಲ ಮೇಲೆ ಇಡೀ ಮನೆಯ ಭಾರ ಹೇರಿ ಬರಬೇಡಿ. 'ಇನ್ನು ನೀನೇ ಗಂಡಸು' ಎನ್ನುವ ಬದಲು "ನಾವಿದ್ದೇವೆ, ನೀನು ಅತ್ತುಬಿಡು" ಎನ್ನಿ. ಹೇಳಿದ ಮೇಲೆ ನಿಜಕ್ಕೂ ಇರಿ. ನಲವತ್ತನೇ ದಿನವೂ, ಶಾಲೆಯ ಫೀಸು ಕಟ್ಟುವ ದಿನವೂ ಇರಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ದುಃಖವೂ ಅತ್ತರೆ ಕರಗುವಂಥದ್ದಲ್ಲ. ಎರಡು ವಾರಕ್ಕೂ ಮೀರಿ ದಿನವಿಡೀ ಮಂಕು ಕವಿದಿದ್ದರೆ, ನಿದ್ದೆ, ಹಸಿವು, ಕೆಲಸದ ಆಸಕ್ತಿ ಹೋಗಿದ್ದರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬರುತ್ತಿದ್ದರೆ ಅದು ಖಿನ್ನತೆಯಾಗಿರಬಹುದು. ಜ್ವರಕ್ಕೆ ಡಾಕ್ಟರರ ಬಳಿ ಹೋದಂತೆ ಅದಕ್ಕೂ ಹೋಗಬೇಕು. ಇದರಲ್ಲಿ ನಾಚಿಕೆಯೂ ಇಲ್ಲ, ಈಮಾನಿನ ಕೊರತೆಯೂ ಇಲ್ಲ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ, ಗ್ಯಾಸಿನವನ ಮತ್ತು ಕರೆಂಟು ಆಫೀಸಿನ ನಂಬರುಗಳ ಪಕ್ಕದಲ್ಲೇ ಬರೆದಿಡಿ.

ಈ ಅಂಕಣವನ್ನು ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಗಂಡಸರನ್ನು ಒಬ್ಬೊಬ್ಬರಾಗಿ ನೆನಪಿಸಿಕೊಳ್ಳಿ. ತಂದೆ, ಗಂಡ, ಅಣ್ಣ, ಮೀಸೆ ಚಿಗುರುತ್ತಿರುವ ಮಗ. ಅವರಲ್ಲಿ ಯಾರು ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾರೆ? ಯಾರ ಸಿಟ್ಟು ಹೆಚ್ಚಾಗಿದೆ? ಇಂದು ರಾತ್ರಿ ಊಟವಾದ ಮೇಲೆ ಟಿವಿ, ಮೊಬೈಲುಗಳನ್ನು ಪಕ್ಕಕ್ಕಿಟ್ಟು ಅವರ ಬಳಿ ಹೋಗಿ ಕುಳಿತುಕೊಳ್ಳಿ. ಉಪದೇಶ ಬೇಡ. ಒಂದು ಲೋಟ ಚಹಾ ಸಾಕು.